ಉಣ್ಣೆಯಿಲ್ಲದ ನೀಲಿ ಟೊಪ್ಪಿ

ಅಬುಧಾಬಿಯ ಒಂದು ಹೋಟೆಲಿನ ಯೂನಿಫಾರ್ಮ್ ರೂಮಿನಲ್ಲಿ ನಾನು ಹೊಲಿಗೆ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷಗಳಾದವು. ಅದು ನೆಲಮಾಳಿಗೆಯ ಕೋಣೆ, ಕಿಟಕಿ ಇಲ್ಲ. ಪಕ್ಕದಲ್ಲೇ ಲಾಂಡ್ರಿಯ ಯಂತ್ರಗಳು ತಿರುಗುವುದರಿಂದ ನನ್ನ ಮೇಜು ಹಗಲೆಲ್ಲ ಸಣ್ಣಗೆ ನಡುಗುತ್ತಿರುತ್ತದೆ. ಬಾಗಿಲಿನ ಮೇಲರ್ಧ ಮಾತ್ರ ತೆರೆಯುತ್ತದೆ. ಅದರಾಚೆ ನಿಂತು ವೇಟರುಗಳು, ರೂಮು ಗುಡಿಸುವವರು, ಸೆಕ್ಯುರಿಟಿಯವರು ಬಟ್ಟೆ ಕೊಟ್ಟು ಹೋಗುತ್ತಾರೆ. ಯಾರ ಸೊಂಟ ಈ ವರ್ಷ ಎಷ್ಟು ದಪ್ಪವಾಯಿತು ಎಂದು ನಾನು ಹೇಳಬಲ್ಲೆ. ಅವರಿಗೆ ಮಕ್ಕಳೆಷ್ಟು, ಊರು ಯಾವುದು ಎಂದು ಕೇಳಿದರೆ ಗೊತ್ತಿಲ್ಲ. ಅರ್ಧ ಬಾಗಿಲಿನ ಎದುರು ಯಾರೂ ಅಷ್ಟು ಹೊತ್ತು ನಿಲ್ಲುವುದಿಲ್ಲ.

ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಗಲ್ಲಿಯ ಒಂದು ಫ್ಲ್ಯಾಟಿನಲ್ಲಿ ನನಗೊಂದು ಕೋಣೆಯಿದೆ. ಹನ್ನೊಂದು ವರ್ಷ ಆ ಕೋಣೆಯಲ್ಲಿ ನನ್ನ ಜೊತೆಗಿದ್ದವರು ಕುಂದಾಪುರ ಕಡೆಯ ಒಬ್ಬ ನರ್ಸ್. ಅವರು ನಿವೃತ್ತರಾಗಿ ಊರಿಗೆ ಹೊರಟ ದಿನ, ಸೂಟ್‌ಕೇಸಿನ ಮೇಲೆ ಕುಳಿತು ಜಿಪ್ ಎಳೆಯುತ್ತ, "ಖಲಾಸ್ ಮಾರಾಯ್ತಿ, ಇನ್ನು ನಿನ್ನ ಗೊರಕೆ ಕೇಳುವವರಿಲ್ಲ" ಎಂದು ನಕ್ಕಿದ್ದರು. ನಾನೂ ನಕ್ಕಿದ್ದೆ. ಮೊದಲ ತಿಂಗಳು ದಿನಾ ಫೋನ್ ಮಾಡಿದರು. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಬೆಳಿಗ್ಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಮಾತ್ರ ಬರತೊಡಗಿತು. ನಾನು ಮದುವೆಯಾದವಳಲ್ಲ. ಅಮ್ಮ ಅದರ ಹಿಂದಿನ ವರ್ಷ ತೀರಿಕೊಂಡಿದ್ದಳು. ಫ್ಲ್ಯಾಟಿನ ಇನ್ನೆರಡು ಕೋಣೆಗಳಲ್ಲಿರುವ ಹುಡುಗಿಯರ ಡ್ಯೂಟಿಯೇ ಬೇರೆ; ನಾವು ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ ಮಾತಾಡುತ್ತೇವೆ. ನನ್ನ ವಾರದ ರಜೆ ಮಂಗಳವಾರ. ಪರಿಚಯದವರೆಲ್ಲ ಕೆಲಸದಲ್ಲಿರುವ ದಿನ. ಎಷ್ಟೋ ಮಂಗಳವಾರ ನಾನು ಬಾಯಿ ತೆರೆದು ಆಡಿದ ಮಾತು ಅಂಗಡಿಯವನ ಹತ್ತಿರ "ಒಂದು ಮೊಸರು ಕೊಡಿ" ಎಂಬುದಷ್ಟೇ.

ಆ ವರ್ಷ ನವೆಂಬರಿನಲ್ಲಿ ಹೋಟೆಲಿನ ದೊಡ್ಡ ಹಾಲಿನಲ್ಲಿ ಸ್ಕಾಟ್ಲೆಂಡಿನವರ ವಾರ್ಷಿಕ ಊಟ ಇತ್ತು. ಬೆಳಿಗ್ಗೆಯೇ ಬ್ಯಾಂಕ್ವೆಟ್ ಮ್ಯಾನೇಜರು ಒಬ್ಬ ವೃದ್ಧರನ್ನು ನನ್ನ ಬಾಗಿಲಿಗೆ ಕರೆತಂದು, "ಇವರ ಟೊಪ್ಪಿ ಸ್ವಲ್ಪ ನೋಡಿ" ಎಂದು ಬಿಟ್ಟುಹೋದರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿತ್ತು. ಎಪ್ಪತ್ತು ದಾಟಿರಬೇಕು. ಅವರು ಟೊಪ್ಪಿ ತೆಗೆದಾಗ ಹಣೆಯ ಸುತ್ತ ಬಳೆಯ ಹಾಗೆ ಒಂದು ಕೆಂಪು ಗೆರೆ ಕಂಡಿತು. ಕೆಲವು ಕಡೆ ಚರ್ಮ ಒಡೆದು ಕೀವಾಗಿತ್ತು.

ಅವರದ್ದು ಇಂಗ್ಲಿಷ್, ನನ್ನದೂ ಇಂಗ್ಲಿಷೇ. ಆದರೆ ಅವರ ರಕಾರ ಕಲ್ಲಿನ ಮೇಲೆ ಗಾಡಿ ಹೋದ ಹಾಗೆ ಉರುಳುತ್ತಿತ್ತು, ನನ್ನ ಇಂಗ್ಲಿಷು ಕೊಂಕಣಿಯ ದಾರಿಯಲ್ಲಿ ನಡೆಯುತ್ತಿತ್ತು. ಮೊದಲ ದಿನ ಇಬ್ಬರೂ ಎರಡೆರಡು ಸಲ ಹೇಳಬೇಕಾಯಿತು.

"ಡಾಕ್ಟರು ಪರೀಕ್ಷೆ ಮಾಡಿದ್ದಾರೆ. ಉಣ್ಣೆ ನನಗೆ ಆಗುವುದಿಲ್ಲವಂತೆ. ಇಷ್ಟು ವರ್ಷ ಆಗುತ್ತಿತ್ತು, ಈಗ ಆಗುವುದಿಲ್ಲ. ಇದರ ಒಳಗೆ ಏನಾದರೂ ಬಟ್ಟೆ ಹಚ್ಚಬಹುದೇ?"

ಟೊಪ್ಪಿಯನ್ನು ಕೈಗೆ ತೆಗೆದುಕೊಂಡೆ. ಕಡುನೀಲಿ ಬಣ್ಣ, ಅಗಲವಾದ ಚಪ್ಪಟೆ ನೆತ್ತಿ, ನೆತ್ತಿಯ ನಡುವೆ ನೆಲ್ಲಿಕಾಯಿಗಿಂತ ದೊಡ್ಡದೊಂದು ಕೆಂಪು ಕುಚ್ಚು, ಹಿಂದೆ ಎರಡು ಕಪ್ಪು ರಿಬ್ಬನ್ನು. ಅವರ ದೇಶದಲ್ಲಿ ಅದಕ್ಕೆ ಬಾಲ್ಮೊರಲ್ ಎನ್ನುತ್ತಾರಂತೆ. ಕೈಯಲ್ಲಿ ಹೆಣೆದು, ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ಕುಗ್ಗಿಸಿ ದಪ್ಪ ಮಾಡಿದ ಟೊಪ್ಪಿ. ನಾನು ಮೃದುವಾದ ಬಿಳಿ ಮಲ್ಲಿನ ಅಸ್ತರು ಹಚ್ಚಿ ಸಂಜೆಗೆ ಕೊಟ್ಟೆ. ಹಾಕಿಕೊಂಡು ನೋಡಿ ಸೆಲ್ಯೂಟ್ ಹೊಡೆದು ಹೋದರು.

ಎರಡು ವಾರ ಕಳೆದು ಮತ್ತೆ ಬಂದರು. ಹಣೆಯ ಗೆರೆ ಹಾಗೆಯೇ ಇತ್ತು. ಬೆವರಿಗೆ ಅಸ್ತರು ತೊಯ್ದು, ಅದರ ಮೂಲಕ ಉಣ್ಣೆಯ ಎಳೆಗಳು ಚುಚ್ಚುತ್ತಿದ್ದವು. ನನಗೆ ಸೋಜಿಗವಾಯಿತು.

"ಸರ್, ಇದು ವರ್ಷಕ್ಕೆ ಎರಡು ಸಲ, ಮೂರು ಸಲ ಹಾಕುವ ಟೊಪ್ಪಿ ಅಲ್ಲವಾ?"

ಅವರು ಅರ್ಧ ಬಾಗಿಲಿನ ಮೇಲೆ ಕೈಯಿಟ್ಟರು. "ನಾನು ಎದ್ದಾಗಿನಿಂದ ಮಲಗುವವರೆಗೆ ಹಾಕಿಕೊಂಡಿರುತ್ತೇನೆ. ಮನೆಯೊಳಗೆ" ಎಂದರು.

ಆಮೇಲೆ ಹೇಳಿದರು. ಅವರ ಹೆಂಡತಿಗೆ ನಾಲ್ಕು ವರ್ಷಗಳಿಂದ ಮರೆವಿನ ಕಾಯಿಲೆ. ಇಲ್ಲಿಯೇ ಒಂದು ಶಾಲೆಯಲ್ಲಿ ಸಂಗೀತ ಕಲಿಸುತ್ತಿದ್ದವರು. ಕಳೆದ ವರ್ಷದಿಂದ ಗಂಡನ ಗುರುತು ಸಿಗುತ್ತಿಲ್ಲ. ಬೆಳಿಗ್ಗೆ ಎದ್ದು ಪಕ್ಕದಲ್ಲಿ ಇವರನ್ನು ಕಂಡರೆ, ಯಾರೋ ಮುದುಕ ಮನೆಯೊಳಗೆ ಬಂದಿದ್ದಾನೆ ಎಂದು ಕೂಗಾಡುತ್ತಾರೆ. ಒಮ್ಮೆ ಕಟ್ಟಡದ ಸೆಕ್ಯುರಿಟಿಯವನನ್ನೇ ಕರೆದಿದ್ದರಂತೆ. ಒಂದು ದಿನ ಇವರು ಬ್ಯಾಗ್‌ಪೈಪ್ ಬ್ಯಾಂಡಿಗೆ ಹೊರಡಲೆಂದು ಕಪಾಟಿನಿಂದ ಈ ಟೊಪ್ಪಿ ತೆಗೆದು ಹಾಕಿಕೊಂಡಾಗ, ಸೋಫಾದಲ್ಲಿ ಕುಳಿತಿದ್ದ ಹೆಂಡತಿ ತಲೆಯೆತ್ತಿ, "ಬಂದೆಯಾ? ಎಷ್ಟು ಹೊತ್ತು ಮಾಡಿದೆ" ಎಂದರಂತೆ.

"ಅಂದಿನಿಂದ ಮನೆಯಲ್ಲಿ ತೆಗೆದಿಲ್ಲ" ಎಂದರು. "ತೆಗೆದರೆ ನಾನು ಯಾರೋ ಆಗುತ್ತೇನೆ."

ಟೇಪು ತೆಗೆದು ಅವರ ತಲೆಯ ಸುತ್ತಳತೆ ಬರೆದುಕೊಂಡೆ. ಟೊಪ್ಪಿಯ ಫೋಟೋಗಳನ್ನು ಎಲ್ಲ ಕಡೆಯಿಂದ ತೆಗೆದೆ. "ಉಣ್ಣೆಯಿಲ್ಲದೆ ಇದೇ ತರದ್ದು ಮಾಡಿಕೊಡುತ್ತೇನೆ" ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ. ಅಲ್ಲಿಯವರೆಗೆ ನಾನು ಹೊಲಿದ ಟೊಪ್ಪಿಯೆಂದರೆ ಅಡುಗೆಯವರದ್ದು ಮಾತ್ರ.

ಮೊದಲು ಮಾಡಿದ್ದು ಪಾಲಿಯೆಸ್ಟರ್ ಫೆಲ್ಟಿನಲ್ಲಿ. ಮಕ್ಕಳ ಕ್ರಾಫ್ಟಿಗೆ ಸಿಗುವ ಬಟ್ಟೆ. ಕತ್ತರಿಸುವಾಗ ಚೆನ್ನಾಗಿತ್ತು, ಮುಗಿಸಿ ಗೊಂಬೆಯ ತಲೆಗೆ ಹಾಕಿದರೆ ಶಾಲೆಯ ನಾಟಕದ ಟೊಪ್ಪಿಯ ಹಾಗೆ ಕಂಡಿತು. ನಾನೇ ಒಂದು ಗಂಟೆ ಹಾಕಿಕೊಂಡು ಮೆಷಿನಿನ ಮುಂದೆ ಕುಳಿತೆ. ತಲೆ ಕಾದು ಕಿವಿಯವರೆಗೆ ಬೆವರಿಳಿಯಿತು. ಅದನ್ನು ಬದಿಗೆ ಎಸೆದೆ. ಅಕ್ರಿಲಿಕ್ ನೂಲಿನ ಒಂದು ರೆಡಿಮೇಡ್ ಟೊಪ್ಪಿಯನ್ನು ಅವರೇ ಆನ್‌ಲೈನಿನಲ್ಲಿ ತರಿಸಿದರು. ಉಣ್ಣೆಯಲ್ಲದಿದ್ದರೂ ಅದು ಕೂಡ ಚುಚ್ಚಿತು.

ಎಲೆಕ್ಟ್ರಾ ಸ್ಟ್ರೀಟಿನಲ್ಲಿ ಉಡುಪಿಯವರೊಬ್ಬರ ಬಟ್ಟೆ ಅಂಗಡಿ ಇದೆ. ತುಳುವರು, ನನ್ನ ಜೊತೆ ಕನ್ನಡ ಮಾತಾಡುತ್ತಾರೆ. ಅಲ್ಲಿಗೆ ಹೋಗಿ ಫೋಟೋ ತೋರಿಸಿದೆ.

"ಎಂತದಿದು? ಸ್ಕಾಟ್ಲೆಂಡಿನ ಟೊಪ್ಪಿಯಾ? ಈ ಸೆಕೆಯಲ್ಲಾ? ಅವರಿಗೆ ತಲೆ ಸಮ ಉಂಟಾ?"

"ಅವರಿಗೆ ಸಮ ಉಂಟು. ಅವರ ಹೆಂಡತಿಗೆ ಸ್ವಲ್ಪ ಇಲ್ಲ" ಎಂದು ಇದ್ದದ್ದನ್ನು ಹೇಳಿದೆ.

ಅವರು ಮತ್ತೆ ತಮಾಷೆ ಮಾಡಲಿಲ್ಲ. ವೆಲ್ವೆಟ್ ತೆಗೆದು ಹರಡಿದರು. ಅದು ಮಿನುಗುತ್ತಿತ್ತು, ಬೇಡವೆಂದೆ. ಕಾರ್ಡುರಾಯ್ ತೋರಿಸಿದರು, ಅದರ ಗೆರೆಗಳು ಬೇಡವೆಂದೆ. ಕೊನೆಗೆ ಏಣಿ ಹತ್ತಿ ಮೇಲಿನ ಹಲಗೆಯಿಂದ ಒಂದು ಥಾನು ಇಳಿಸಿದರು. ಒಂದು ಬದಿ ಕೆರೆದು ಮೆತ್ತಗೆ ಮಾಡಿದ ದಪ್ಪ ಫ್ಲಾನೆಲ್, ಕಡುನೀಲಿ.

"ಇದು ನೋಡಿ. ಪ್ಯೂರ್ ಕಾಟನ್. ಉಣ್ಣೆ ಮಾಫಿ, ಪಾಲಿಯೆಸ್ಟರ್ ಮಾಫಿ, ಎರಡೂ ಇಲ್ಲ. ಒಂದೂವರೆ ಮೀಟರೇ ಉಳಿದದ್ದು, ತೆಗೆದುಕೊಂಡು ಹೋಗಿ. ಸರಿಯಾದರೆ ನನಗೂ ಹೇಳಿ."

ಆ ಫ್ಲಾನೆಲಿನಲ್ಲಿ ಹೊಲಿದ ಟೊಪ್ಪಿ ನಿಜವಾಗಿ ಚೆನ್ನಾಗಿ ಬಂತು. ಎರಡು ಪದರ ಸೇರಿಸಿ, ಸುತ್ತಿನ ಪಟ್ಟಿಗೆ ಒಳಗಿನಿಂದ ಹತ್ತಿಯ ಗಟ್ಟಿ ಜಾಳಿಗೆ ಕೊಟ್ಟೆ. ಕೆಂಪು ಕುಚ್ಚನ್ನು ಹತ್ತಿ ನೂಲಿನಿಂದಲೇ ಕಟ್ಟಿದೆ. ಐದು ಹೆಜ್ಜೆ ದೂರದಿಂದ ನೋಡಿದರೆ ಎರಡು ಟೊಪ್ಪಿಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಆ ಮಂಗಳವಾರ ಬಸ್ಸು ಹಿಡಿದು ಅಲ್ ರೀಮ್ ಐಲ್ಯಾಂಡಿನಲ್ಲಿದ್ದ ಅವರ ಮನೆಗೆ ಹೊರಟೆ. ಇಪ್ಪತ್ತೇಳನೆಯ ಮಹಡಿ. ಲಿಫ್ಟಿನ ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡೆ. ಯಾರದೋ ಮನೆಗೆ ಅಂತ ಹೋಗಿ ಎಷ್ಟು ಕಾಲವಾಗಿತ್ತು!

ಮೇಡಂ ಬಾಲ್ಕನಿಯ ಗಾಜಿನ ಬಾಗಿಲಿನ ಬಳಿ ಕುರ್ಚಿಯಲ್ಲಿ ಕುಳಿತಿದ್ದರು. ಬಿಳಿ ಕೂದಲನ್ನು ಚೆನ್ನಾಗಿ ಬಾಚಲಾಗಿತ್ತು. ನನ್ನನ್ನು ನೋಡಿ ನಕ್ಕರು. ಸರ್ ಒಳಗೆ ಹೋಗಿ ಹೊಸ ಟೊಪ್ಪಿ ಹಾಕಿಕೊಂಡು ಬಂದರು. ಅವರು ಬಂದದ್ದು ನೋಡಿ ಮೇಡಂ ಮುಖ ಅರಳಿತು. ನನ್ನ ಎದೆಯೂ ಹಗುರವಾಯಿತು. ಅವರು ಹೋಗಿ ಪಕ್ಕದಲ್ಲಿ ಕುಳಿತರು. ಮೇಡಂ ಕೈಯೆತ್ತಿ, ಅದು ಹಳೆಯ ಅಭ್ಯಾಸ ಇರಬೇಕು, ಟೊಪ್ಪಿಯ ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಮೆಲ್ಲನೆ ತಿಕ್ಕಿದರು.

ಮುಖದ ನಗು ಹೋಯಿತು.

"ಇದು ಯಾರದು?"

"ನನ್ನದೇ" ಎಂದರು ಸರ್.

"ನಿನ್ನದಲ್ಲ. ನೀನು ಯಾರು? ಅವರೆಲ್ಲಿ?" ಟೊಪ್ಪಿಯನ್ನು ಕಿತ್ತು ನೆಲಕ್ಕೆ ಎಸೆದರು. ಕುರ್ಚಿಯಿಂದ ಏಳಲು ಹೋಗಿ ತಡಬಡಿಸಿದರು. ಸರ್ ಒಳಗೆ ಹೋಗಿ ಉಣ್ಣೆಯ ಟೊಪ್ಪಿ ಹಾಕಿಕೊಂಡು, ಆಗಷ್ಟೇ ಹೊರಗಿನಿಂದ ಬಂದವರ ಹಾಗೆ ಮುಂಬಾಗಿಲ ಕಡೆಯಿಂದ ನಡೆದು ಬಂದರು. ಮೇಡಂ ಮತ್ತೆ ಅಂಚು ಮುಟ್ಟಿ ನೋಡಿ ಸಮಾಧಾನವಾದರು. "ಇಲ್ಲಿ ಯಾರೋ ಬಂದಿದ್ದ" ಎಂದು ಗಂಡನಿಗೆ ಚಾಡಿ ಹೇಳಿದರು.

ಅಡುಗೆಮನೆಯಲ್ಲಿ ನನಗೆ ಚಹಾ ಮಾಡಿಕೊಡುತ್ತ ಸರ್ ಹೇಳಿದ್ದು ಆಗ. ಆ ಟೊಪ್ಪಿಯನ್ನು ಹೆಣೆದವರು ಮೇಡಮ್ಮೇ. ಮದುವೆಯಾದ ಮೊದಲ ಚಳಿಗಾಲದಲ್ಲಿ.

"ಇದನ್ನು ಮೊದಲೇ ಹೇಳಬೇಕಿತ್ತು ಸರ್" ಎಂದೆ. ಸ್ವಲ್ಪ ಸಿಟ್ಟಿನಿಂದಲೇ ಹೇಳಿರಬೇಕು. ಉಜ್ಜಿ ದಪ್ಪವಾಗಿದ್ದರೂ ಆ ಟೊಪ್ಪಿಯ ಅಂಚಿನ ಪಟ್ಟಿಯಲ್ಲಿ ಹೆಣಿಗೆಯ ಕುಣಿಕೆಗಳು ಬೆರಳಿಗೆ ಸಿಗುತ್ತಿದ್ದವು. ಮೇಡಂ ಬೆರಳು ಹುಡುಕಿದ್ದು ಅವನ್ನು. ನನ್ನ ಫ್ಲಾನೆಲಿನಲ್ಲಿ ಕುಣಿಕೆ ಎಲ್ಲಿಂದ ಬರಬೇಕು?

ಹಾಗಾದರೆ ಹೆಣೆಯಬೇಕು, ಹತ್ತಿಯ ನೂಲಿನಲ್ಲಿ. ನನಗೆ ಶಾಲೆಯಲ್ಲಿ ಸಿಸ್ಟರುಗಳು ಕಲಿಸಿದ ಕ್ರೋಶಾ ಗೊತ್ತಿತ್ತು. ಎರಡು ಕಡ್ಡಿಯ ಹೆಣಿಗೆ ಅಷ್ಟಕ್ಕಷ್ಟೇ. ಅಬುಧಾಬಿಯಲ್ಲಿ ಬೇಕಾದ ಬಣ್ಣದ ದಪ್ಪ ಹತ್ತಿ ನೂಲು ಸಿಗಲಿಲ್ಲ. ಮುಂದಿನ ಮಂಗಳವಾರ ಬೆಳಿಗ್ಗೆ ದುಬೈ ಬಸ್ಸು ಹತ್ತಿದೆ. ನೂಲಿನ ಅಂಗಡಿಯ ಫಿಲಿಪ್ಪೀನಿ ಹೆಂಗಸು ಮೊದಲೇ ಎಚ್ಚರಿಸಿದಳು: "ಹತ್ತಿ ಉಣ್ಣೆಯ ಹಾಗೆ ಕುಗ್ಗಿ ಗಟ್ಟಿಯಾಗುವುದಿಲ್ಲ ಮೇಡಂ. ಹಾಕಿದಷ್ಟೂ ಜೋಲುತ್ತದೆ. ಸಣ್ಣ ಕಡ್ಡಿಯಲ್ಲಿ ಬಿಗಿಯಾಗಿ ಹೆಣೆಯಿರಿ." ಕಡುನೀಲಿಯ ಆರು ಉಂಡೆ, ಕೆಂಪಿನ ಒಂದು, ಮೂರು ಅಳತೆಯ ಕಡ್ಡಿ ತೆಗೆದುಕೊಂಡೆ.

ಅಲ್ಲಿಯವರೆಗೆ ಹೋದವಳು ಅಲ್ ಬರ್ಷಾದಲ್ಲಿರುವ ಚಿಕ್ಕಪ್ಪನ ಮಗಳ ಮನೆಗೂ ಹೋಗಿಬರೋಣವೆಂದು ಫೋನ್ ಮಾಡಿದೆ. ಅವಳು ಮನೆಯಿಂದಲೇ ಆಫೀಸು ಕೆಲಸ ಮಾಡುವ ದಿನ. ಬಾಗಿಲು ತೆರೆದು, ಕಿವಿಯ ಹೆಡ್‌ಫೋನ್ ತೋರಿಸಿ, ಕೈಸನ್ನೆಯಲ್ಲಿ ಕೂರಲು ಹೇಳಿದಳು. ಅವಳ ಮಕ್ಕಳಿಬ್ಬರು ಶಾಲೆಯಿಂದ ಬಂದರು. ಕೊಂಕಣಿಯಲ್ಲಿ "ಊಟ ಆಯಿತಾ ಮಕ್ಕಳೇ?" ಎಂದು ಕೇಳಿದೆ. "ವೀ ಏಟ್ ಇನ್ ಸ್ಕೂಲ್, ಆಂಟಿ" ಎಂದು ರೂಮಿಗೆ ಹೋದರು. ಮೀಟಿಂಗ್ ಮುಗಿದ ಮೇಲೆ ಅವಳು ಬಂದು ಚೀಲದ ನೂಲು ನೋಡಿ, "ಎಂತ ಅಕ್ಕ, ಯಾರಿಗೆ ಇಷ್ಟೆಲ್ಲ?" ಎಂದಳು. ನಾನು ಹೇಳತೊಡಗಿದೆ. ಅರ್ಧಕ್ಕೆ ಅವಳ ಫೋನ್ ಹೊಡೆಯಿತು. ಕೆಟ್ಟವಳಲ್ಲ ಅವಳು. ಹೋಗುವಾಗ ಡಬ್ಬಿಯಲ್ಲಿ ಕೋಳಿಸಾರು ಕಟ್ಟಿಕೊಟ್ಟಳು. ಕತೆಯ ಉಳಿದರ್ಧವನ್ನು ನಾನು ಮೆಟ್ರೋದಲ್ಲಿ ನಿಂತು ಮನಸ್ಸಿನಲ್ಲೇ ಹೇಳಿ ಮುಗಿಸಿದೆ.

ಹಳೆಯ ಟೊಪ್ಪಿಯ ಕುಣಿಕೆಗಳನ್ನು ನೋಡಿಕೊಂಡು ಹೆಣೆಯಬೇಕಿತ್ತು. ಆದರೆ ಅದು ಸರ್ ತಲೆಯಿಂದ ಇಳಿಯುವಂತಿಲ್ಲ. ಹಾಗಾಗಿ ಅವರ ಮನೆಯಲ್ಲೇ ಕುಳಿತು ಹೆಣೆಯುವುದೆಂದಾಯಿತು. ಮಂಗಳವಾರ ಹತ್ತು ಗಂಟೆಗೆ ಹೋದೆ. ಮೇಡಂ ಎದುರಿನ ಕುರ್ಚಿಯಲ್ಲಿ ಕುಳಿತು ಕುಣಿಕೆ ಹಾಕತೊಡಗಿದೆ. ನನ್ನ ಕೈ ತೀರ ನಿಧಾನ. ಒಂದು ಸಾಲು ಮುಗಿಸಿ ಎಣಿಸುವಾಗ ಎರಡು ಕುಣಿಕೆ ಕಡಿಮೆ ಬಂದವು. ಬಿಚ್ಚಿದೆ. ಮತ್ತೆ ಹಾಕಿದೆ. ಮೇಡಂ ಕಿಟಕಿಯ ಹೊರಗೆ ನೋಡುತ್ತಿದ್ದವರು ತಿರುಗಿ ನನ್ನ ಕೈಯನ್ನೇ ನೋಡತೊಡಗಿದರು.

"ಹಾಗಲ್ಲ" ಎಂದರು.

ನಾನು ನಿಲ್ಲಿಸಿದೆ. ಅವರು ಮುಂದೆ ಬಾಗಿ ಕಡ್ಡಿಗಳನ್ನು ನನ್ನ ಕೈಯಿಂದ ತೆಗೆದುಕೊಂಡರು. ನೂಲನ್ನು ಎಡಗೈಯ ಕಿರುಬೆರಳಿಗೆ ಒಂದು ಸುತ್ತು ಸುತ್ತಿದರು. ಆ ಬೆರಳುಗಳು ತಿಂಡಿಯ ಚಮಚವನ್ನು ಹಿಡಿಯಲು ತಡಕಾಡುವುದನ್ನು ನಾನು ಅರ್ಧ ಗಂಟೆ ಮೊದಲು ನೋಡಿದ್ದೆ. ಈಗ ಅವು ಓಡತೊಡಗಿದವು. ಒಂದು ಸಾಲು. ಇನ್ನೊಂದು. ಸರ್ ಅಡುಗೆಮನೆಯ ಬಾಗಿಲಲ್ಲಿ ಕೈಯಲ್ಲಿ ಕೆಟಲ್ ಹಿಡಿದುಕೊಂಡು ನಿಂತುಬಿಟ್ಟರು. ನಾನು ಅವರತ್ತ ನೋಡಿ, ಮಾತಾಡಬೇಡಿ ಎಂದು ಬಾಯಿಗೆ ಬೆರಳಿಟ್ಟೆ.

ಸುಮಾರು ಇಪ್ಪತ್ತು ನಿಮಿಷ ಹೆಣೆದರು. ಆಮೇಲೆ ಕಡ್ಡಿಯನ್ನು ನೋಡಿ, ಇದೇನು ಎಂಬಂತೆ ನನ್ನ ಮಡಿಲಲ್ಲಿಟ್ಟರು.

ಅಂದಿನಿಂದ ನಾವು ಬೇರೆ ಯೋಚನೆ ಮಾಡಲಿಲ್ಲ. ಅವರೇ ಹೆಣೆಯಬೇಕು, ನಾನು ಜೊತೆಗಿರಬೇಕು. ಪ್ರತಿ ಮಂಗಳವಾರ ಹೋದೆ. ಡಿಸೆಂಬರ್ ಕಳೆದು ಹೊಸ ವರ್ಷ ಬಂತು. ಕೆಲವು ದಿನ ಅವರು ಹತ್ತು ಸಾಲು ಹೆಣೆದರು, ಕೆಲವು ದಿನ ಕಡ್ಡಿಯನ್ನು ಮುಟ್ಟಲೇ ಇಲ್ಲ. ನಡುವೆ ಕುಣಿಕೆಗಳು ತಪ್ಪುತ್ತಿದ್ದವು. ನೆತ್ತಿ ಅಗಲವಾಗಲು ಎಲ್ಲಿ ಕುಣಿಕೆ ಹೆಚ್ಚಿಸಬೇಕೆಂಬ ಲೆಕ್ಕ ಅವರಿಗೆ ಉಳಿದಿರಲಿಲ್ಲ, ಕೈ ಮಾತ್ರ ನೇರ ಓಡುತ್ತಿತ್ತು. ನಾನು ತಪ್ಪಿದ ಸಾಲುಗಳನ್ನು ಬಸ್ಸಿನಲ್ಲಿ ಬಿಚ್ಚುತ್ತಿದ್ದೆ. ಹೆಚ್ಚಿಸುವ ಕಡೆ ಕೆಂಪು ದಾರ ಕಟ್ಟಿ ಗುರುತು ಮಾಡಿಟ್ಟು, ಅಲ್ಲಿಗೆ ಬಂದಾಗ "ಇಲ್ಲಿ ಒಂದು ಹೆಚ್ಚು" ಎಂದು ಮೆಲ್ಲನೆ ಹೇಳುತ್ತಿದ್ದೆ.

"ನನಗೆ ಗೊತ್ತು" ಎಂದು ಅವರು ಗದರುತ್ತಿದ್ದರು.

ಜನವರಿಯ ಒಂದು ಮಂಗಳವಾರ ಅವರು ನನ್ನನ್ನು ಒಂದು ಹೆಸರು ಹಿಡಿದು ಕರೆದರು. ಸರ್ ಆಮೇಲೆ ಹೇಳಿದರು, ಅದು ಅವರ ತಂಗಿಯ ಹೆಸರು, ಆಕೆ ತೀರಿಕೊಂಡು ಬಹಳ ವರ್ಷವಾಯಿತು ಎಂದು. ನಾನು ತಂಗಿಯಲ್ಲವೆಂದು ಮೊದಲ ಎರಡು ಸಲ ಹೇಳಿದೆ. ಮೂರನೆಯ ಸಲ ಓಗೊಟ್ಟೆ. ಅವರು ಬೈಯುವುದಕ್ಕೂ ಓಗೊಟ್ಟೆ. ಅಪ್ಪನ ಸೈಕಲ್ಲನ್ನು ಮಳೆಯಲ್ಲಿ ಬಿಟ್ಟದ್ದಕ್ಕೆ ನನ್ನನ್ನು ಎಷ್ಟೋ ಸಲ ಬೈದಿದ್ದಾರೆ. "ತಪ್ಪಾಯಿತು" ಎನ್ನುತ್ತಿದ್ದೆ. ಹೋಟೆಲಿನಲ್ಲಿ ವಾರವಿಡೀ ಯಾರೂ ನನ್ನನ್ನು ಬೈಯುವಷ್ಟು ಕೂಡ ಗಮನಿಸುವುದಿಲ್ಲ. ಸೋಮವಾರ ಸಂಜೆಯಾದರೆ ನಾನು ಬೇಯಿಸಿದ ಗೆಣಸೋ, ಅಕ್ಕಿಯ ಒಂದು ಸಣ್ಣ ತಿಂಡಿಯೋ ಮಾಡಿ ಡಬ್ಬಿ ಕಟ್ಟಿಡುತ್ತಿದ್ದೆ. ಮೇಡಂ ಅದನ್ನು ಇಷ್ಟಪಟ್ಟು ತಿನ್ನುತ್ತಿದ್ದರು.

ಸರ್ ಅವರಿಗೂ ಮಂಗಳವಾರ ಬೇಕಾಗಿತ್ತೆಂದು ನನಗೆ ತಿಳಿದದ್ದು ತಡವಾಗಿ. ನಾನಿರುವಾಗ ಅವರು ಕೆಳಗೆ ಹೋಗಿ ಒಂದು ಸುತ್ತು ನಡೆದು ಬರುತ್ತಿದ್ದರು, ಟೊಪ್ಪಿ ಕೈಯಲ್ಲಿ ಹಿಡಿದುಕೊಂಡು, ಹಣೆಗೆ ಗಾಳಿ ತಾಗಲೆಂದು. ಒಮ್ಮೆ ತಿರುಗಿ ಬಂದವರ ಕಣ್ಣು ಕೆಂಪಾಗಿತ್ತು. "ಸಮುದ್ರದ ಗಾಳಿ" ಎಂದರು. ನಾನು ಹೌದೆಂದೆ.

"ನೀವು ನಿಮ್ಮ ರಜೆಯನ್ನೆಲ್ಲ ನಮಗೆ ಕೊಡುತ್ತಿದ್ದೀರಿ" ಎಂದು ಇನ್ನೊಂದು ದಿನ ಹೇಳಿದರು. "ನಿಮ್ಮ ಮನೆಯವರು ಏನೂ ಅನ್ನುವುದಿಲ್ಲವೇ?"

"ಇಲ್ಲ ಸರ್" ಎಂದೆ. ಅನ್ನುವವರು ಯಾರೂ ಇಲ್ಲ ಎಂದು ಹೇಳಲು ಬಾಯಿ ಬರಲಿಲ್ಲ.

ಫೆಬ್ರವರಿಯ ಕೊನೆಗೆ ಟೊಪ್ಪಿ ಮುಗಿಯಿತು. ಚೆನ್ನಾಗಿತ್ತು ಎಂದರೆ ಸುಳ್ಳಾದೀತು. ಅಂಗಡಿಯವಳು ಹೇಳಿದ ಹಾಗೆ ಹತ್ತಿ ಜೋತಿತ್ತು. ನೆತ್ತಿ ಒಂದು ಬದಿಗೆ ಹೆಚ್ಚಾಗಿ ಕಿವಿಯ ಮೇಲೆ ಬೀಳುತ್ತಿತ್ತು. ಬಿಸಿನೀರಿನಲ್ಲಿ ಎರಡು ಸಲ ತೊಳೆದು, ತಂತಿಯ ಬ್ರಷ್ಷಿನಿಂದ ಹೊರಮೈಯನ್ನು ಮೆಲ್ಲನೆ ಕೆರೆದು ಮೆತ್ತಗಿನ ನವಿರು ಎಬ್ಬಿಸಿದೆ. ಅಂಚಿನ ಪಟ್ಟಿಯನ್ನು ಮಾತ್ರ ಮುಟ್ಟಲಿಲ್ಲ, ಕುಣಿಕೆಗಳು ಹಾಗೇ ಇರಲೆಂದು. ನೆತ್ತಿಯ ಒಳಗೆ ಜಾಳಿಗೆಯ ಒಂದು ತಟ್ಟೆ ಕತ್ತರಿಸಿ ಕೂರಿಸಿದೆ. ಹಳೆಯದರ ರಿಬ್ಬನ್ನನ್ನು ಬಿಚ್ಚಿ ಇದಕ್ಕೆ ಹೊಲಿದೆ.

ಸರ್ ಹಾಕಿಕೊಂಡು ಬಂದು ಹೆಂಡತಿಯ ಪಕ್ಕ ಕುಳಿತರು. ಮೇಡಂ ಕೈಯೆತ್ತಿ ಅಂಚನ್ನು ಹಿಡಿದರು. ತಿಕ್ಕಿದರು. ಬೆರಳು ಪಟ್ಟಿಯುದ್ದಕ್ಕೂ ಕಿವಿಯ ಹಿಂದಿನವರೆಗೆ ಹೋಗಿ ಬಂತು.

"ಸೊಟ್ಟಗಾಗಿದೆ" ಎಂದು ಅದನ್ನು ಸರಿಪಡಿಸಿದರು. "ನಿನಗೆ ಯಾವತ್ತೂ ಟೊಪ್ಪಿ ಹಾಕಲು ಬರುವುದಿಲ್ಲ."

ಸರ್ ಅವರ ಕೈಯನ್ನು ಹಿಡಿದು ತಮ್ಮ ಕೆನ್ನೆಗೆ ಒತ್ತಿಕೊಂಡರು. ನಾನು ಚಹಾದ ನೆಪದಲ್ಲಿ ಅಡುಗೆಮನೆಗೆ ಹೋದೆ.

ಮೂರು ವಾರದಲ್ಲಿ ಹಣೆಯ ಗೆರೆ ಮಾಯಿತು. ಟೊಪ್ಪಿ ಎಲ್ಲ ದಿನವೂ ಕೆಲಸ ಮಾಡಿತು ಎಂದು ಹೇಳಲಾರೆ. ಐದು ದಿನ ಗುರುತು ಸಿಕ್ಕರೆ ಎರಡು ದಿನ ಇಲ್ಲ. ಏಪ್ರಿಲಿನಲ್ಲಿ ಮೂರು ದಿನ ಸಿಕ್ಕರೆ ನಾಲ್ಕು ದಿನ ಇಲ್ಲ. ಆ ಎರಡು ತಿಂಗಳೂ ನಾನು ಮಂಗಳವಾರ ಹೋಗುವುದನ್ನು ಬಿಡಲಿಲ್ಲ. ಮೇಡಂ ಉಳಿದ ನೂಲಿನಲ್ಲಿ ಉದ್ದದ ಪಟ್ಟಿಯೊಂದನ್ನು ಹೆಣೆಯುತ್ತಿದ್ದರು, ಯಾವುದಕ್ಕೂ ಅಲ್ಲ.

ಮೇ ತಿಂಗಳಲ್ಲಿ ಮೇಡಂ ಜಾರಿ ಬಿದ್ದರು. ಆಸ್ಪತ್ರೆಯಿಂದ ಬಂದ ಮೇಲೆ ಸರ್ ಒಬ್ಬರೇ ನೋಡಿಕೊಳ್ಳುವುದು ಸಾಧ್ಯವಿಲ್ಲದಾಯಿತು. ಸ್ಕಾಟ್ಲೆಂಡಿನಲ್ಲಿ ಅವರ ಊರಿನ ಹತ್ತಿರ ಇಂಥವರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ಜಾಗ ಸಿಕ್ಕಿತೆಂದು ಸರ್ ಹೇಳಿದರು. ಇಲ್ಲಿನ ಮೂವತ್ತು ವರ್ಷದ ಸಂಸಾರ ಹದಿನೈದು ದಿನದಲ್ಲಿ ಪೆಟ್ಟಿಗೆಗಳೊಳಗೆ ಹೋಯಿತು. ಕೊನೆಯ ಮಂಗಳವಾರ ನಾನು ಹೋದಾಗ ಮೇಡಂ ನನ್ನನ್ನು ನೋಡಿದರು, ಏನೂ ಕರೆಯಲಿಲ್ಲ. ಮೊದಲ ದಿನ ನಕ್ಕ ಹಾಗೆ, ಬಂದ ಅತಿಥಿಗೆ ನಗುವ ಹಾಗೆ ನಕ್ಕರು. ನಾನು ಅವರ ಕೂದಲು ಬಾಚಿ, ಉಗುರು ಕತ್ತರಿಸಿ ಹೊರಟೆ. ಬಾಗಿಲಲ್ಲಿ ಸರ್ ನನ್ನ ಎರಡೂ ಕೈ ಹಿಡಿದುಕೊಂಡರು.

ಆಮೇಲಿನ ಮಂಗಳವಾರಗಳು ಮೊದಲಿಗಿಂತ ಕಷ್ಟವಾದವು. ಅಭ್ಯಾಸಬಲದಿಂದ ಹತ್ತು ಗಂಟೆಗೆ ಸೀರೆ ಉಟ್ಟು ಸಿದ್ಧಳಾಗಿ, ಹೋಗಲು ಜಾಗವಿಲ್ಲವೆಂದು ನೆನಪಾಗಿ ಮಂಚದ ಮೇಲೆ ಕುಳಿತಿದ್ದೇನೆ. ಒಂದೆರಡು ಸಲ ರೀಮ್ ಐಲ್ಯಾಂಡಿನ ಬಸ್ಸು ಹತ್ತಿ, ಇಳಿಯದೆ ಅದೇ ಬಸ್ಸಿನಲ್ಲಿ ತಿರುಗಿ ಬಂದೆ. ಸರ್ ಮೆಸೇಜು ಕಳಿಸುತ್ತಿದ್ದರು. ಅಲ್ಲಿ ಚಳಿ ಇದೆ. ಮೇಡಂ ಊಟ ಮಾಡುತ್ತಿದ್ದಾರೆ. ಆಗಸ್ಟಿನಲ್ಲಿ ಬರೆದರು: ಈಗ ಯಾವ ಟೊಪ್ಪಿಗೂ ಗುರುತು ಸಿಗುವುದಿಲ್ಲ, ಆದರೆ ಹೆದರುವುದೂ ಇಲ್ಲ, ಪಕ್ಕದಲ್ಲಿ ಕುಳಿತರೆ ಸುಮ್ಮನಿರುತ್ತಾರೆ. ಆಮೇಲೆ ಮೆಸೇಜುಗಳು ಕಡಿಮೆಯಾದವು.

ಸೆಪ್ಟೆಂಬರಿನಲ್ಲಿ ಒಂದು ಹುಡುಗಿ ನನ್ನ ಅರ್ಧ ಬಾಗಿಲಿಗೆ ಬಂದಳು. ಸರ್ ನುಡಿಸುತ್ತಿದ್ದ ಬ್ಯಾಂಡಿನಲ್ಲಿ ಡ್ರಮ್ ಬಾರಿಸುವವಳು. ಪ್ರಾಣಿಗಳಿಂದ ಬಂದ ಯಾವುದನ್ನೂ ತೊಡುವುದಿಲ್ಲವಂತೆ, ಹಾಲನ್ನೂ ಕುಡಿಯುವುದಿಲ್ಲವಂತೆ. ಬ್ಯಾಂಡಿನ ಟೊಪ್ಪಿ ಉಣ್ಣೆಯದು ಎಂದು ಒಂದು ವರ್ಷದಿಂದ ಮೆರವಣಿಗೆಗೆ ಹೋಗದೆ ಅಭ್ಯಾಸಕ್ಕೆ ಮಾತ್ರ ಹೋಗುತ್ತಿದ್ದಳು.

"ನಮ್ಮ ಬ್ಯಾಂಡಿನ ಅಜ್ಜನ ಟೊಪ್ಪಿ ಮಾಡಿದ್ದು ನೀವೇ ಅಂತೆ. ನನಗೂ ಒಂದು ಆಗುತ್ತದಾ?"

ಇವಳಿಗೆ ಕುಣಿಕೆ ಬೇಕಿರಲಿಲ್ಲ, ದೂರದಿಂದ ಉಳಿದವರ ಹಾಗೆ ಕಂಡರೆ ಸಾಕಿತ್ತು. ಉಡುಪಿಯವರ ಅಂಗಡಿಗೆ ಹೋಗಿ ಅದೇ ಫ್ಲಾನೆಲ್ ತರಿಸಿಕೊಡಲು ಹೇಳಿದೆ. ಅವರು "ಹಿಂದಿನದು ಸರಿಯಾಯಿತಾ?" ಎಂದು ಕೇಳಿದರು. "ಆ ಬಟ್ಟೆ ಸರಿಯಾಗಲಿಲ್ಲ, ಆದರೆ ತಪ್ಪು ಬಟ್ಟೆಯದಲ್ಲ" ಎಂದೆ. ಆ ಹುಡುಗಿಗೆ ಒಂದು, ಅವಳ ಮೂಲಕ ಉಣ್ಣೆಯಿಂದ ತುರಿಕೆಯಾಗುವ ಬ್ಯಾಂಡಿನ ಇನ್ನೊಬ್ಬರಿಗೆ ಒಂದು ಹೊಲಿದುಕೊಟ್ಟೆ.

ನವೆಂಬರಿನ ಒಂದು ಶನಿವಾರ ಸಂಜೆ ಬ್ಯಾಂಡು ಸಮುದ್ರದಂಚಿನ ಕಾರ್ನಿಶ್ ರಸ್ತೆಯಲ್ಲಿ ನುಡಿಸುತ್ತದೆಂದು ಆ ಹುಡುಗಿ ಹೇಳಿದ್ದಳು. ಡ್ಯೂಟಿ ಬದಲಾಯಿಸಿಕೊಂಡು ಹೋದೆ. ಕುಟುಂಬಗಳು, ಸೈಕಲ್ ಮಕ್ಕಳು, ಐಸ್‌ಕ್ರೀಮ್ ಹಿಡಿದವರು. ಬ್ಯಾಂಡು ನಮ್ಮೆದುರು ಹಾದುಹೋಯಿತು. ನೀಲಿ ಟೊಪ್ಪಿಗಳೆಲ್ಲ ಒಂದೇ ಸಮ ಇದ್ದವು. ನಾನು ಹೊಲಿದ ಎರಡು ಯಾವುವೆಂದು ನನಗೇ ತಿಳಿಯಲಿಲ್ಲ. ಪಕ್ಕದಲ್ಲಿದ್ದವರಿಗೆ ಹೇಳಬೇಕೆನ್ನಿಸಿತು. ಯಾರೆಂದು ಗೊತ್ತಿಲ್ಲದವರು, ಏನೆಂದು ಹೇಳುವುದು? ಫೋನಿನಲ್ಲಿ ಫೋಟೋ ತೆಗೆದು ಸರ್ ಅವರಿಗೆ ಕಳಿಸಿದೆ.

ಮೂರು ದಿನ ಬಿಟ್ಟು ಉತ್ತರ ಬಂತು. ಟೊಪ್ಪಿಗಳು ಚೆನ್ನಾಗಿವೆ ಎಂದು ಮೊದಲ ಸಾಲು. ಮೇಡಂ ಹಿಂದಿನ ತಿಂಗಳು ನಿದ್ರೆಯಲ್ಲೇ ತೀರಿಕೊಂಡರು, ಹೇಳಬೇಕೆಂದು ಹಲವು ಸಲ ಬರೆಯಲು ಕುಳಿತು ಆಗಲಿಲ್ಲ ಎಂದು ಎರಡನೆಯದು.

ಅಂದು ಮಂಗಳವಾರ. ಸಂಜೆ ಇಗರ್ಜಿಯ ಆಫೀಸಿಗೆ ಹೋಗಿ, ಮೃತರಿಗಾಗಿ ಪ್ರಾರ್ಥಿಸುವ ಪಟ್ಟಿಯಲ್ಲಿ ಅವರ ಹೆಸರು ಬರೆಸಿದೆ. ಪೂಜೆಯ ನಡುವೆ ಪಾದ್ರಿಗಳು ಗೋವಾದವರ, ಕೇರಳದವರ, ನಮ್ಮ ಕಡೆಯವರ ಹೆಸರುಗಳನ್ನು ಸರಾಗವಾಗಿ ಓದುತ್ತ ಬಂದು ಈ ಹೆಸರಿನ ಮುಂದೆ ತಡವರಿಸಿದರು. ಎರಡು ಸಲ ಪ್ರಯತ್ನಿಸಿ ಹೇಗೋ ಉಚ್ಚರಿಸಿದರು. ಅಷ್ಟು ಜನ ತುಂಬಿದ್ದ ಇಗರ್ಜಿಯಲ್ಲಿ ಅದು ಯಾರ ಹೆಸರೆಂದು ಗೊತ್ತಿದ್ದವಳು ನಾನೊಬ್ಬಳೇ. ನಾನು ಮೊಣಕಾಲೂರಿ, ಆ ಹೆಸರನ್ನು ಸರಿಯಾಗಿ ಹೇಗೆ ಹೇಳಬೇಕೋ ಹಾಗೆ ಮೆಲ್ಲನೆ ಒಮ್ಮೆ ಹೇಳಿದೆ.